ಟೇಪು ಅಂಟಿಸಿದ ತಿಜೋರಿ

ಅತ್ತೆಯ ಒಂದೇ ಎಳೆತಕ್ಕೆ ಟೇಪು ಹೊಸದರಂತೆ ಸರ್ರೆಂದು ಕಿತ್ತು ಬಂತು. ಸೊಸೆ ಒಂದು ಹೆಜ್ಜೆ ಹಿಂದೆ ಸರಿದಳು. ಅತ್ತೆ ಆ ಟೇಪನ್ನು ನೋಡಿದರು, ಸೊಸೆಯ ಮುಖ ನೋಡಿದರು, ತಿಜೋರಿಯ ಬೀಗಕ್ಕೆ ಕೀಲಿ ತೂರಿಸಿ ತಿರುಗಿಸಿದರು.

ಮೂವತ್ತೆರಡು ವರ್ಷ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದ ನರ್ಸಮ್ಮ ಅವರು. ಹುಟ್ಟಿದ ಪ್ರತಿ ಮಗುವಿನ ವಿವರ ಶಾಯಿಯಲ್ಲಿ ಬರೆದಿಟ್ಟ ಹನ್ನೊಂದು ಪುಸ್ತಕಗಳು ಒಳಗಿದ್ದವು. ಬೆಂಕಿ ಬಿದ್ದರೂ ಸುಡದಂಥ ದಪ್ಪ ಗೋಡೆಯ ತಿಜೋರಿ. ತೇವ ನುಗ್ಗಬಾರದೆಂದು ನಾಲ್ಕು ವರ್ಷದ ಹಿಂದೆ ಬಾಗಿಲ ಸಂದಿಗೆಲ್ಲ ಟೇಪು ಅಂಟಿಸಿ, ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿದ್ದರು. ತೇವ ಬರುವುದು, ಬೆಂಕಿ ತಡೆಯಲು ಆ ಗೋಡೆಯೊಳಗೆ ತುಂಬಿದ ಗಾರೆಯಿಂದಲೇ ಎಂದು ಅವರೆದುರು ಬಾಯಿಬಿಡುವ ಧೈರ್ಯ ಯಾರಿಗಿತ್ತು? ಸೊಸೆಗಂತೂ ಇರಲಿಲ್ಲ.

ಆದರೆ ಒಂದು ದಿನ ಅತ್ತೆಯ ಕೀಲಿ ಎತ್ತಿಕೊಂಡು ಕದ್ದು ತೆರೆದಾಗ ಮುಗ್ಗಲು ವಾಸನೆ ಮೂಗಿಗೆ ಹೊಡೆದಿತ್ತು. ಅಂದಿನಿಂದ ಪ್ರತಿ ಭಾನುವಾರ, ಅತ್ತೆ ಗೆಳತಿಯ ಮನೆಗೆ ಹೊರಟೊಡನೆ ಅವಳು ಟೇಪು ಕಿತ್ತು ಬಾಗಿಲು ತೆರೆದು ಗಾಳಿಯಾಡಿಸುವಳು. ತಾನೇ ಒಳಗಿಟ್ಟಿದ್ದ, ತೇವ ಹೀರಿ ಗುಲಾಬಿಗೆ ತಿರುಗಿದ ಸಿಲಿಕಾ ಮಣಿಗಳನ್ನು, ಅದಕ್ಕೇ ಎತ್ತಿಟ್ಟ ಹಳೆ ಬಾಣಲೆಯಲ್ಲಿ ನೀಲಿಯಾಗುವವರೆಗೆ ಕಾಯಿಸಿ, ಬಟ್ಟೆ ಚೀಲದಲ್ಲಿ ಒಳಗಿಟ್ಟು ಹೊಸ ಟೇಪು ಅಂಟಿಸುವಳು. "ಏನೇ, ಇವತ್ತೂ ಕಲ್ಲು ಹುರೀತಿದ್ದೀಯಾ?" ಎಂದು ಗಂಡ ನಗುತ್ತಿದ್ದ.

ಇವತ್ತು ಪುಸ್ತಕ ಹುಡುಕಿಕೊಂಡು ಬಂದವಳು ಒಬ್ಬ ಬಸ್ ಡ್ರೈವರು. ಕಚೇರಿಯ ಕಡತದಲ್ಲಿ ಅವಳ ವಯಸ್ಸು ಎರಡು ವರ್ಷ ಹೆಚ್ಚಾಗಿ ಸೇರಿತ್ತು. ದಾಖಲೆ ತೋರಿಸದಿದ್ದರೆ ಈ ತಿಂಗಳಿಗೇ ನಿವೃತ್ತಿ.

"ನನ್ನಮ್ಮನ ಹೆರಿಗೆ ಮಾಡಿಸಿದ್ದು ನೀವೇ ಅಂತೆ. ಇನ್ನೆಲ್ಲೂ ಕಾಗದ ಸಿಗಲಿಲ್ಲ, ಅಮ್ಮ."

"ನಾನು ಹಿಡಿದ ಮಗು ನನ್ನ ಪುಸ್ತಕದಲ್ಲಿ ಇಲ್ಲದೆ ಎಲ್ಲಿಗೆ ಹೋಗುತ್ತೆ?" ಎಂದಿದ್ದರು ಅತ್ತೆ, ಜಂಬದಿಂದಲೇ.

ತಿಜೋರಿಯ ಬಾಗಿಲು ತೆರೆಯಿತು. ಮೂರನೆಯ ಪುಸ್ತಕದ ಹಾಳೆಗಳು ಗರಿಗರಿಯಾಗಿದ್ದವು, ಒಂದಕ್ಷರವೂ ಹರಡಿರಲಿಲ್ಲ. ಡ್ರೈವರು ಬೆರಳಿಟ್ಟು ಓದಿದಳು: "ಹೆಣ್ಣು. ಬೆಳಗ್ಗೆ ಆರೂ ಹತ್ತು. ಬಹಳ ಜೋರಾಗಿ ಅತ್ತಿತು. ತಾಯಿ ಕ್ಷೇಮ." ತಾಯಿಯ ಹೆಸರು, ತಾರೀಖು, ವರ್ಷ ಎಲ್ಲ ಅಲ್ಲೇ ಇತ್ತು. ಅವಳು ಅಳುತ್ತಲೇ ನಕ್ಕಳು. "ನನ್ನ ಗಂಟಲು ಹಾರ್ನಿಗಿಂತ ಜೋರು ಅಂತ ಬಸ್ಸಲ್ಲಿ ಈಗಲೂ ಬೈತಾರೆ!"

ಅತ್ತೆಯ ಕೈ ಮಾತ್ರ ಮೊದಲ ಪುಸ್ತಕದ ರಟ್ಟಿನ ಮೇಲೆ ನಿಂತಿತ್ತು. ಅಲ್ಲೊಂದು ಬೂಷ್ಟಿನ ಕಲೆ.

"ಇದು ಯಾವಾಗಿಂದು?"

"ನೀವು ಟೇಪು ಹಾಕಿದ ವರ್ಷದ್ದು, ಅತ್ತೆ."

"ಆಮೇಲಿಂದು?"

"ಆಮೇಲೆ ಬರಲಿಲ್ಲ. ಪ್ರತಿ ಭಾನುವಾರ ತೆಗೀತಿದ್ದೆ. ತಪ್ಪಾಯ್ತು."

"ತಪ್ಪಂತೆ ತಪ್ಪು! ನಾಲ್ಕು ವರ್ಷ ನನ್ನ ಕಣ್ಣಿಗೇ ಮಣ್ಣೆರಚಿದೀಯಲ್ಲೇ, ಭಲೇ!" ಅತ್ತೆಯ ದನಿ ಬೈಗುಳದ್ದಾದರೂ ಮುಖ ಅರಳಿತ್ತು. ಸೊಸೆಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಡ್ರೈವರು ಕಚೇರಿಯ ಅರ್ಜಿ ತೆಗೆದಳು. "ಮೂಲ ದಾಖಲೆ ಯಾರ ವಶದಲ್ಲಿದೆ ಅಂತ ಕೇಳಿದಾರೆ. ನಿಮ್ಮ ಹೆಸರು ಬರೀಲಾ, ಅಮ್ಮ?"

ಅತ್ತೆ ಸೊಸೆಯ ಕಡೆ ಬೆರಳು ತೋರಿಸಿದರು.

"ಬರೆದಿದ್ದೇನೋ ನಾನೇ. ಉಳಿಸಿಕೊಂಡಿದ್ದು ಇವಳು. ಇವಳ ಹೆಸರು ಹಾಕು. ಸೊಸೆ ಗಿಸೆ ಅಂತ ಬೇಡ, ಪೂರ್ತಿ ಹೆಸರು."

ಡ್ರೈವರು ಸೊಸೆಯ ಪೂರ್ತಿ ಹೆಸರು ಕೇಳಿ ಬರೆದಳು. ಸೊಸೆ ಸಹಿ ಹಾಕಲು ಬಗ್ಗಿದಾಗ ಪೆನ್ನಿನ ಕೆಳಗೆ ಕಾಗದ ಸರಿಯಿತು. ಅತ್ತೆ ಅದರ ಮೂಲೆಯನ್ನು ಅಂಗೈಯಿಂದ ಒತ್ತಿ ಹಿಡಿದರು.