ಪಂಚಮಿಗೆ ಕರೆಯಲು ಬಂದವರು

ಗೋವಾದ ಸಡಾಕ್ಕೆ ಬಂದ ಹೊಸದರಲ್ಲಿ ನನಗೆ ಎಲ್ಲದರ ಮೇಲೂ ಸಿಟ್ಟಿತ್ತು. ಮಳೆಯ ಮೇಲೆ, ಗುಡ್ಡದ ಮೇಲೆ, ಗುಡ್ಡ ಹತ್ತುವ ಮಿನಿ ಬಸ್ಸಿನಲ್ಲಿ ನಮ್ಮನ್ನು ಹಿಂದೆ ಹಿಂದೆ ನೂಕುವ ಕಂಡಕ್ಟರನ ಮೇಲೆ, ಕೊನೆಗೆ ಉಪ್ಪಿನ ಮೇಲೂ. ಮುಚ್ಚಳ ಹಾಕಿಟ್ಟ ಡಬ್ಬಿಯಲ್ಲೇ ಉಪ್ಪು ನೀರಾಗುವ ಊರಲ್ಲಿ ಜನ ಹೇಗೆ ಬಾಳುತ್ತಾರೋ ಎಂದು ಒಲೆಯ ಮುಂದೆ ಕುಳಿತು ಬೈದುಕೊಳ್ಳುತ್ತಿದ್ದೆ.

ಮದುವೆಯಾದದ್ದು ಯುಗಾದಿ ಮುಗಿದ ಮೇಲೆ, ಎರಡು ಸಾವಿರದ ಆರನೇ ಇಸವಿ. ಹಂದರ ಒಂದು, ಮದುವೆ ಎರಡು. ನನ್ನದೊಂದು, ತಮ್ಮ ಬಾಳುವಿನದೊಂದು. ಖರ್ಚು ಒಂದರಲ್ಲೇ ಮುಗಿಯಲಿ ಎಂದು ಅವ್ವ ಹಾಗೆ ಮಾಡಿದ್ದಳು. ಬಾಳುವಿನ ಹೆಂಡತಿ ಮಂಗಲಾ ರಾಮದುರ್ಗದ ನಮ್ಮ ಮನೆ ಹೊಕ್ಕಳು, ನಾನು ಹೊರಬಿದ್ದೆ. ಗಂಡನ ಹೆಸರು ಹೆಂಡತಿ ಹೇಳಬಾರದು, ಆದರೆ ಕತೆ ಮುಂದೆ ಹೋಗಬೇಕಲ್ಲ: ಭೀಮಶಿ. ಮುರಗಾಂವ ಬಂದರಿನಲ್ಲಿ ದಿನಗೂಲಿ. ಗೋವಾ ಎಂದಾಗ ಓಣಿಯ ಹುಡುಗಿಯರೆಲ್ಲ ನನ್ನನ್ನು ಕಾಡಿಸಿದ್ದರು, ದಿನಾ ಸಮುದ್ರದ ದಂಡೆಯ ಮೇಲೆ ತಿರುಗಾಡುತ್ತೀ ಎಂದು. ಸಮುದ್ರವೇನೋ ನಮ್ಮ ಗುಡ್ಡದ ಕೆಳಗೇ ಇತ್ತು. ನೋಡಲು ಪುರುಸೊತ್ತು ಬೇಕಲ್ಲ.

ನಮ್ಮದು ಸಾಲುಮನೆ, ಒಂದೇ ಖೋಲಿ, ಮೇಲೆ ತಗಡು. ಬೆಳಕು ಹರಿಯುವ ಮೊದಲೇ ನಳಕ್ಕೆ ಪಾಳಿ ಹಚ್ಚಬೇಕು. ಸ್ವಲ್ಪ ತಡವಾದರೆ ನೀರು ನಿಂತೇ ಹೋಗುತ್ತದೆ. ಆ ದಿನ ಪೂರ್ತಿ ಮಳೆಯ ನೀರೇ ಗತಿ. ಒಗೆದ ಬಟ್ಟೆಗಳು ಒಣಗದೆ ಮುಗ್ಗಲು ನಾರುತ್ತಿದ್ದವು. ಊರಿನಿಂದ ತಂದ ಜೋಳದ ಹಿಟ್ಟು ತಂಪು ಹಿಡಿದು ಗಂಟುಗಟ್ಟಿತು. ತಟ್ಟಿದರೆ ರೊಟ್ಟಿ ಅಂಚಿನಲ್ಲಿ ಒಡೆಯುತ್ತಿತ್ತು, ಹಂಚಿಗೆ ಹಾಕುವಷ್ಟರಲ್ಲಿ ಹರಿಯುತ್ತಿತ್ತು. ಚಿಕ್ಕಂದಿನಿಂದ ರೊಟ್ಟಿ ಬಡಿದ ಕೈ ನನ್ನದು, ನನಗೇ ನಾಚಿಕೆಯಾಗುತ್ತಿತ್ತು. ನಮ್ಮವರು ಮಾತ್ರ ಹರಕು ರೊಟ್ಟಿಯನ್ನೇ ಸಾರಿನಲ್ಲಿ ಮುರಿದು ಹಾಕಿಕೊಂಡು, ಏನೂ ಅನ್ನದೆ ಉಂಡು, ಗಂಗಾಳದ ಮುಂದೆಯೇ ತೂಕಡಿಸುತ್ತಿದ್ದರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಒಂದು ಮಧ್ಯಾಹ್ನ ಸೂಜಿ ದಾರ ತರಲು ಗುಡ್ಡದ ಕೆಳಗಿನ ವಾಸ್ಕೋ ಪೇಟೆಗೆ ಇಳಿದೆ. ನೋಡಿದರೆ ಬಜಾರಿನ ತುಂಬ ಬಾಗಿಲು ಹಾಕಿದ ಅಂಗಡಿಗಳು. ಯಾರೋ ದೊಡ್ಡವರು ತೀರಿಕೊಂಡಿರಬೇಕು ಎಂದುಕೊಂಡು, ಹೆಸರು ಗೊತ್ತಿಲ್ಲದ ಆ ದೊಡ್ಡವರಿಗೆ ಮನಸ್ಸಿನಲ್ಲೇ ಕೈಮುಗಿದು ತಿರುಗಿ ಬಂದೆ. ಪಕ್ಕದ ಖೋಲಿಯ ಚಂದವ್ವ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಾರೂ ಸತ್ತಿಲ್ಲ ತಂಗಿ, ಮಕ್ಕೊಂಡಾರ. ಇಲ್ಲೆ ಮಧ್ಯಾಹ್ನ ಉಂಡಮ್ಯಾಲ ಎಲ್ಲಾರೂ ಮಕ್ಕೋತಾರ."

ಅಂಗಡಿ ಮುಚ್ಚಿ ಮಲಗುವ ವ್ಯಾಪಾರಸ್ಥರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರ ನಿದ್ದೆಯ ಮೇಲೂ ಸಿಟ್ಟು ಬಂತು.

ಚಂದವ್ವ ಇಂಡಿ ಕಡೆಯವಳು, ಸಡಾಕ್ಕೆ ಬಂದು ಬಹಳ ವರ್ಷವಾಗಿತ್ತು. ಬಂದರಿನ ಕ್ವಾರ್ಟರ್ಸಿನಲ್ಲಿ ಮನೆಗೆಲಸ ಮಾಡುತ್ತಿದ್ದಳು. ಕೊಂಕಣಿಯಲ್ಲಿ ಜಗಳ ಆಡುವಷ್ಟು ಪಳಗಿದ್ದಳು. ಮಳೆಗಾಲ ಹಿಡಿದ ಸುಮಾರಿಗೆ ಒಂದು ದಿನ ಬಂದು, ತಾನು ಕೆಲಸ ಮಾಡುವ ಮನೆಯ ಎದುರಿಗೇ ಇನ್ನೊಂದು ಮನೆಯಲ್ಲಿ ಹೆಣ್ಣಾಳು ಬೇಕಾಗಿದ್ದಾಳೆ ಎಂದಳು.

"ಮನಿ ಒಡತಿ ಭಾಳ ಚಲೋ ಅದಾಳ. ನಾ ನಿನ್ನ ಹೆಸರು ಹೇಳೇನಿ. ನಾಳಿಂದ ಬಾ."

"ಬ್ಯಾಡಕ್ಕ. ನಾ ಪಂಚಮಿಗಿ ಊರಿಗಿ ಹೋಗಾಕಿ."

"ಪಂಚಮಿ ಇನ್ನೂ ದೂರ ಐತಿ. ಹೋಗಿ ಬಂದು ಮಾಡೀಯಂತ."

ಹೋಗುವ ಮಾತನ್ನಷ್ಟೇ ಎಲ್ಲರಿಗೂ ಹೇಳಿದ್ದೆ, ಬರುವ ಮಾತು ನನ್ನಲ್ಲಿ ಇರಲಿಲ್ಲ. ಒಂದು ಸಲ ರಾಮದುರ್ಗ ಮುಟ್ಟಿದರೆ ಮತ್ತೆ ಈ ಗುಡ್ಡ ಹತ್ತುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ. ಗಂಡ ಕೆಟ್ಟವರಲ್ಲ, ಕೈ ಎತ್ತಿದವರಲ್ಲ, ಕುಡಿಯುವವರೂ ಅಲ್ಲ. ಆದರೂ ನನಗೆ ಸಾಕಾಗಿತ್ತು. ಮೈಗೆ ಸಾಕಾಗಿತ್ತು, ತಗಡಿನ ಮೇಲಿನ ಮಳೆ ಕೇಳಿ ಕಿವಿಗೆ ಸಾಕಾಗಿತ್ತು. ಅವ್ವನ ಹತ್ತಿರ ಅಡ್ಡಾಗಿ, ಯಾರೂ ಎಬ್ಬಿಸದೆ, ಹೊಟ್ಟೆ ತುಂಬ ನಿದ್ದೆ ಮಾಡಬೇಕಿತ್ತು.

ಹಾಗಂತ ಗಂಟು ಕಟ್ಟಿಕೊಂಡು ನಾನೇ ಬಸ್ಸು ಹತ್ತುವಂತಿರಲಿಲ್ಲ. ನಮ್ಮಲ್ಲಿ ಮದುವೆಯಾದ ಮೊದಲ ನಾಗರ ಪಂಚಮಿಗೆ ಹೆಣ್ಣುಮಗಳು ತವರಿನಲ್ಲೇ ಇರಬೇಕು. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ಯಾರೂ ಕರೆಯಲು ಬರದೆ ತಾನಾಗಿ ಹೋದರೆ ಗಂಡನ ಮನೆಯಲ್ಲಿ ಏನೋ ಆಗಿದೆ ಎಂದು ಓಣಿಯ ತುಂಬ ಸುದ್ದಿ. ಅದಕ್ಕೇ ನಾನು ಬಾಳುವಿನ ದಾರಿ ಕಾಯುತ್ತಿದ್ದೆ.

ಆಷಾಢ ಮುಗಿಯುತ್ತ ಬಂದಾಗ ಕಿರಾಣಿ ಅಂಗಡಿಯ ಠಾಕಪ್ಪ ಕೂಗಿ ಹೇಳಿದ. ಸಾಲುಮನೆಯವರಿಗೆಲ್ಲ ಫೋನು ಬರುತ್ತಿದ್ದುದು ಅವನ ಅಂಗಡಿಗೇ.

"ದ್ರಾಕ್ಷಾಯಿಣಿ, ನಿನ್ನ ತಮ್ಮ ಫೋನ ಮಾಡಿದ್ದನವಾ. ಪಂಚಮಿ ಮುಂದ ಬರ್ತಾನಂತ."

ಅಷ್ಟು ಸಾಕಾಯಿತು. ಅಂದಿನಿಂದ ನಳದ ಪಾಳಿಯಲ್ಲಿ ನಿಲ್ಲುವುದೂ ಹಗುರವೆನಿಸಿತು. ಚಂದವ್ವ ಇನ್ನೊಮ್ಮೆ ಕೆಲಸದ ಮಾತು ತೆಗೆದಾಗ ಖಡಾಖಂಡಿತ ಒಲ್ಲೆ ಎಂದೆ. ಆ ಮನೆಗೆ ಬೇರೆ ಹೆಂಗಸು ಸಿಕ್ಕಳಂತೆ. ನಾನು ಶೇಂಗಾ ಹುರಿದು ಉಂಡಿ ಕಟ್ಟಿದೆ. ಒಯ್ಯುವ ಸೀರೆಗಳನ್ನು ಒಲೆಯ ಕಾವಿಗೆ ಹಿಡಿದು ಒಣಗಿಸಿದೆ. ಒಂದು ಸಂಜೆ ಅವರು ಕೆಲಸದಿಂದ ಬರುವಾಗ ನನಗೊಂದು ಹೊಸ ಕೊಡೆ ತಂದರು.

"ದಾರ್ಯಾಗ ಮಳಿ ಹತ್ತೀತು," ಎಂದರು. ಆಮೇಲೆ ಕೆಂಪು ಮಣ್ಣಿನ ಕಾಲು ತೊಳೆದುಕೊಳ್ಳುತ್ತ ಕೇಳಿದರು, "ಹೊಳ್ಳಿ ಯಾವಾಗ ಬರ್ತಿ?"

"ದೀಪಾವಳಿ ಮುಂದ."

"ಆಗ್ಲಿ."

ಇನ್ನೇನಾದರೂ ಕೇಳುತ್ತಾರೆಂದು ಕಾದೆ. ಅವರು ಉಂಡು ಮಲಗಿದರು.

ಪಂಚಮಿಗೆ ಎರಡು ದಿನ ಇದ್ದಾಗ ಬಾಳು ಬಂದ. ನಾನು ಬೆಳಿಗ್ಗೆಯೇ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಚೀಲ ಬಾಗಿಲ ಹತ್ತಿರ ಇಟ್ಟು ಕುಳಿತಿದ್ದೆ. ಇಳಿಜಾರಿನಲ್ಲಿ ಅವನ ತಲೆ ಕಂಡಾಗ ಎದ್ದು ನಿಂತೆ. ಆಮೇಲೆ ಅವನ ಹೆಗಲ ಮೇಲಿನ ಹಾಸಿಗೆ ಸುರುಳಿ ಕಂಡಿತು. ಅದರ ಹಿಂದೆ ಮಂಗಲಾ, ತಲೆಯ ಮೇಲೆ ಗಂಟು, ಕಂಕುಳಲ್ಲಿ ನಮ್ಮ ಅವ್ವನ ಹಿತ್ತಾಳೆ ಕೊಡ. ಕರೆಯಲು ಬರುವವರು ಹಾಸಿಗೆ ಹೊತ್ತು ಬರುವುದಿಲ್ಲ. ಅಷ್ಟು ನನಗೂ ತಿಳಿಯುತ್ತದೆ. ಆದರೂ ಬೇಕೆಂದೇ ಕೇಳಿದೆ.

"ಏನೋ ಇದು, ಒಂದ ದಿನಕ್ಕ ಇಷ್ಟ ಸಾಮಾನು?"

"ಮೊದಲ ನೀರ ಕೊಡಕ್ಕ," ಎಂದ.

ನೀರು ಕೊಟ್ಟೆ. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು. ಊಟಕ್ಕೆ ಹಾಕಿದೆ. ಮೂರನೇ ರೊಟ್ಟಿಗೆ ಕೈ ಹಾಕುವವರೆಗೂ ಅವನು ತಲೆ ಎತ್ತಲಿಲ್ಲ. ಆಮೇಲೆ ಗಂಗಾಳಕ್ಕೇ ಹೇಳುವವನ ಹಾಗೆ ಹೇಳಿದ.

"ಮಾಲಕರು ಮಗ್ಗ ಮಾರಿದ್ರಕ್ಕ. ಶೆಡ್ಡೂ ಮಾರಿದ್ರು. ತಗೊಂಡಾಂವ ಅಲ್ಲೆ ಕಲ್ಯಾಣ ಮಂಟಪ ಕಟ್ಟತಾನಂತ."

"ಮನಿ?"

"ಮನಿ ಎಲ್ಲಿದಕ್ಕ ನಮ್ದು? ಶೆಡ್ಡಿನ ಸಂಗಾಟನ ಹೋತು."

ನಿಜ. ನಾನು ತವರು ತವರು ಎಂದು ಹಂಬಲಿಸಿದ್ದು ಮಗ್ಗದ ಶೆಡ್ಡಿನ ಬೆನ್ನಿಗೆ ಅಂಟಿಕೊಂಡಿದ್ದ ಎರಡು ಖೋಲಿಗಳನ್ನು. ಅಪ್ಪ ಅದೇ ಮಾಲಕರ ಮಗ್ಗ ನಡೆಸುತ್ತಲೇ ತೀರಿಕೊಂಡ. ಆಮೇಲೆ ಬಾಳು ಕುಳಿತ. ಕೆಲಸ ಇರುವ ತನಕ ಖೋಲಿ. ಅದು ನಮ್ಮದಲ್ಲ ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ, ಆದರೆ ಹುಟ್ಟಿದ ಮನೆಯನ್ನು ಯಾರು ಹಾಗೆ ನೆನೆಸುತ್ತಾರೆ?

"ಅವ್ವ?"

"ಮುನವಳ್ಳಿ ಚಿಕ್ಕವ್ವನ ಕಡೆ ಬಿಟ್ಟ ಬಂದೀನಿ. ಮಳಿ ನಿಂತ ಮ್ಯಾಲ ಆಕೀನೂ ಇಲ್ಲಿಗೇ ಕರಕೊಂಡ ಬರೂದು. ಅಕ್ಕಾ, ಮಾವಾರಿಗೆ ಒಂದ ಮಾತ ಹೇಳ್ತಿಯೇನ, ಬಂದರಿನ್ಯಾಗ ನನಗೂ ಏನರ ಕೆಲಸ?"

"ಫೋನಿನ್ಯಾಗ ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿ? ನೀ ದಾರಿ ಕಾಯಾಕತ್ತಿ ಅಂತ ಅಂಗಡಿಯವರು ಅಂದ್ರು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಾಳುವಿನ ಮೇಲೆ, ಮಾಲಕರ ಮೇಲೆ, ಇನ್ನೂ ಕಟ್ಟದ ಕಲ್ಯಾಣ ಮಂಟಪದ ಮೇಲೆ. ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಚೀಲ ತೆಗೆದ. ತಾನು ತೊಯ್ದರೂ ಅದನ್ನು ತೊಯ್ಯಲು ಬಿಟ್ಟಿರಲಿಲ್ಲ. ಒಳಗೆ ಹಸಿರು ಇಳಕಲ್ಲ ಸೀರೆ, ಕುಬಸದ ಖಣ. ಪಂಚಮಿಗೆ ತಮ್ಮ ಅಕ್ಕನಿಗೆ ಕೊಡಬೇಕಾದ್ದು. ತೊಡೆಯ ಮೇಲಿಟ್ಟುಕೊಂಡು ನಾನು ಅತ್ತೆ. ಮಂಗಲಾ ಎದ್ದು ನನ್ನ ಚೀಲವನ್ನು ಬಾಗಿಲಿನಿಂದ ಒಳಗೆ ಸರಿಸಿ, ಮಳೆಹನಿ ಸಿಡಿಯುತ್ತಿದ್ದುದಕ್ಕೆ ಬಾಗಿಲು ಅರ್ಧ ಮುಚ್ಚಿದಳು.

ಸಂಜೆ ನಮ್ಮವರು ಕೆಲಸದಿಂದ ಬಂದು, ಹೊಸ್ತಿಲಲ್ಲೇ ಹಾಸಿಗೆ ಸುರುಳಿ, ಹಿತ್ತಾಳೆ ಕೊಡ ನೋಡಿದರು. ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಬಾಳುವಿನ ಬೆನ್ನು ತಟ್ಟಿ, ನಾಳೆ ಕೂಲಿಗಳ ಮುಕಾದಮನ ಹತ್ತಿರ ಮಾತಾಡೋಣ ಎಂದರು. ನನ್ನನ್ನು ಹೊರಗೆ ತಗಡಿನ ಕೆಳಗೆ ಕರೆದರು.

"ನೀ ಹೊಳ್ಳಿ ಬರಾಕಿ ಇದ್ದಿದ್ದಿಲ್ಲ, ಹೌದಲ್ಲ?"

ತಗಡಿನಿಂದ ಸುರಿಯುವ ನೀರಿಗೆ ನಾನು ಬಕೆಟ್ಟು ಸರಿಸಿದೆ.

"ನನಗ ಗೊತ್ತಿತ್ತು."

"ಗೊತ್ತಿದ್ದೂ ಕಳಸಾಕ ನಿಂತಿದ್ರಿ?"

"ಮತ್ತೇನ ಕಟ್ಟಿ ಹಾಕ್ಲಿ?" ಎಂದರು. ಗೋಡೆಗೆ ಒರಗಿ ಕಣ್ಣು ಮುಚ್ಚಿದರು. "ನಾ ಬಂದ ಹೊಸದಾಗ ಎರಡ ಸಲ ಓಡಿ ಹೋಗಿದ್ನಿ. ಊರಾಗ ಯಾರಿಗೂ ನಾ ಬೇಕಾಗಿರಲಿಲ್ಲ, ಮತ್ತ ಬಂದ್ನಿ."

ಇದನ್ನು ಅವರು ನನಗೆ ಆ ತನಕ ಹೇಳಿರಲಿಲ್ಲ. ಹೇಳಿದ್ದರೆ ನಾನು ಕೇಳಿಸಿಕೊಳ್ಳುತ್ತಿದ್ದೆನೋ ಇಲ್ಲವೋ. ಆಮೇಲೆ ನಾಲ್ಕು ಜನರಿಗೆ ಅನ್ನಕ್ಕಿಡಲು ನಾನು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ನಳಕ್ಕೆ ಮಂಗಲಾಳನ್ನೂ ಕರೆದುಕೊಂಡು ಹೋದೆ. ಎಲ್ಲಿ ಕಾಲು ಜಾರುತ್ತದೆ, ಯಾರ ಮುಂದೆ ಕೊಡ ಇಡಬಾರದು, ಯಾರು ಬೈದರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದೆಲ್ಲ ಹೇಳುತ್ತಿದ್ದೆ. ಇಷ್ಟೆಲ್ಲ ನಾನು ಯಾವಾಗ ಕಲಿತೆನೋ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಎಲ್ಲದಕ್ಕೂ ಹೂಂ ಹೂಂ ಎನ್ನುತ್ತಿದ್ದಳು. ಪಾಳಿಯಲ್ಲಿ ನಿಂತ ಮೇಲೆ ಮೆಲ್ಲಗೆ ಕೇಳಿದಳು.

"ಅಕ್ಕಾರ, ನಮ್ಮಣ್ಣ ಕರಿಯಾಕ ಬಂದಿದ್ದರಿ. ನಂದೂ ಮೊದಲ ಪಂಚಮಿ ಅಲ್ಲರಿ. ಮನಿ ಖಾಲಿ ಮಾಡಾಕತ್ತಿದ್ವಿ, ಇವರನ್ನ ಒಬ್ಬರನ್ನ ಬಿಟ್ಟ ಹೆಂಗ ಹೋಗ್ಲಿ? ಬರೋ ಪಂಚಮಿಗಿ ಗೋವಾಕ್ಕ ಬಂದು ಕರಕೊಂಡ ಹೋಗು ಅಂತ ಹೇಳಿ ಕಳಿಸೀನ್ರಿ. ಅಂವಗ ಇಲ್ಲಿ ಗುರ್ತ ಏನಂತ ಹೇಳ್ಬೇಕ್ರಿ?"

ಅವಳ ಮುಖ ನೋಡಿದೆ. ಬರುವ ಪಂಚಮಿಯ ತನಕ ಹೇಗೋ ತಡೆದುಕೊಂಡರೆ ಆಯಿತು ಎಂಬ ಮುಖ. ಇಷ್ಟು ದಿನ ಚಂದವ್ವ ನನ್ನಲ್ಲಿ ನೋಡಿದ್ದೂ ಇದನ್ನೇ ಇರಬೇಕು.

"ವಾಸ್ಕೋದಾಗ ಇಳದು ಸಡಾ ಬಸ್ ಹತ್ತು ಅಂತ ಹೇಳು," ಎಂದೆ. "ಕಡೀ ಸ್ಟಾಪಿಗಿ ಇಳೀಬೇಕು. ಎದುರಿಗೆ ನೀರಿನ ಟಾಕಿ ಕಾಣ್ತೈತಿ. ಅದನ್ನ ಬಲಕ್ಕ ಬಿಟ್ಟು ಇಳಿಜಾರ ಹಿಡದ್ರ ಠಾಕಪ್ಪನ ಅಂಗಡಿ. ಅಲ್ಲೆ ಯಾರನ್ನ ಕೇಳಿದ್ರೂ ನಮ್ಮ ಮನಿ ತೋರಸ್ತಾರ."

ಅವಳು ಅದನ್ನೆಲ್ಲ ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು. ಟಾಕಿ ಎಡಕ್ಕೋ ಬಲಕ್ಕೋ ಎಂದು ಮತ್ತೆ ಕೇಳಿದಳು. ಬಲಕ್ಕೆ ಎಂದು ಇನ್ನೊಮ್ಮೆ ಹೇಳಿಕೊಟ್ಟೆ.