ಸಿಟ್ಟಿನ ಬೇರು

ಬೇರು ಹುಡುಕಿದರೆ ಸಿಕ್ಕಿದ್ದು ಇಕ್ಕಟ್ಟು. ಇಂಗ್ಲಿಷಿನವರು ಇವತ್ತು ಸಿಟ್ಟಿಗೆ ಬಳಸುವ ‘ಆಂಗರ್’ ಎಂಬ ಮಾತು ಹಿಂದೊಮ್ಮೆ ಉತ್ತರ ಯುರೋಪಿನ ಹಡಗಿನವರ ಬಾಯಲ್ಲಿ ದುಃಖವಾಗಿತ್ತು. ಅದಕ್ಕೂ ಹಿಂದೆ, ಕತ್ತು ಹಿಸುಕಿದಂಥ ಇಕ್ಕಟ್ಟು. ಸಂಸ್ಕೃತದ ಮನ್ಯುವಿನಲ್ಲೂ ಸಿಟ್ಟಿನ ಪಕ್ಕದಲ್ಲೇ ಅಳಲು ಕೂತಿತ್ತು. ಇಷ್ಟು ಬರೆದು ನಿಘಂಟಿನ ಉಪಸಂಪಾದಕ ತನ್ನ ಕತ್ತು ಮುಟ್ಟಿ ನೋಡಿಕೊಂಡ. ಏನೂ ಇರಲಿಲ್ಲ. ಕಾಲರ್ ಕೂಡ ಸಡಿಲವಾಗಿತ್ತು.

ಫೋನ್ ಬಂತು. ಹೆಂಡತಿ.

"ಸಾಯಂಕಾಲ ಅಣ್ಣ ಗಾಡಿ ತರ್ತಾನೆ. ನಾನು ಹೊರಟೆ."

"ಎಷ್ಟು ದಿನಕ್ಕೆ?"

"ನೋಡಿದ್ರಾ? ಯಾಕೆ ಅಂತ ಕೇಳಲ್ಲ."

ಯಾಕೆಂದು ಅವನಿಗೆ ಗೊತ್ತಿತ್ತು. ನಿನ್ನೆ ಊಟಕ್ಕೆ ಕೂತಾಗ ಅವಳ ಅಣ್ಣ ಮಕ್ಕಳೆದುರಿಗೇ ಅವನಿಗೊಂದು ಹೊಲಸು ಬೈಗುಳ ಬೈದಿದ್ದ. ಇವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಳಿಸಿ, ಈ ಮಾತು ಗಂಡಸರಿಗಷ್ಟೇ ಅನ್ನುತ್ತಾರೋ ಹೆಂಗಸರಿಗೂ ಉಂಟೋ ಎಂದು ವಿಚಾರಿಸಿ, ಜೇಬಿನಿಂದ ಚೀಟಿ ತೆಗೆದಿದ್ದ. ಕೇಳಿದ ಮಾತನ್ನು ಬಿಸಿ ಆರುವ ಮುನ್ನ ಬರೆದುಕೊಳ್ಳಬೇಕು. ಅದು ಕಚೇರಿಯ ಪದ್ಧತಿ.

"ಅವನ ಕಪಾಳಕ್ಕೊಂದು ಬಿಟ್ಟಿದ್ರೆ ನಾನೇ ನಿಮ್ಮ ಪರ ನಿಲ್ತಿದ್ದೆ. ಹೋಗ್ಲಿ, ಈಗ್ಲಾದ್ರೂ ಬಂದು ನನ್ನ ಮೇಲೆ ಒಂದ್ಸಲ ಕೂಗಾಡಿ. ಬ್ಯಾಗು ಕೆಳಗಿಡ್ತೀನಿ."

"ಕೂಗಾಡೋದಾ?"

"ಹೂಂ. ಗೋಡೆ ಜೊತೆ ಎಷ್ಟು ದಿನ ಅಂತ ಸಂಸಾರ ಮಾಡ್ಲಿ?"

ಒಳ್ಳೆಯ ವಾಕ್ಯ. ಬಲಗೈ ಆಗಲೇ ಚೀಟಿ ಎಳೆದುಕೊಂಡಿತ್ತು.

"ಬರ್ಕೊಳ್ತಿದ್ದೀರಾ?"

"ಇಲ್ಲ" ಎಂದ, ಬರೆಯುತ್ತ.

ಫೋನ್ ಸತ್ತಿತು. ಅವನು ಎದ್ದ.

ಸಂಪಾದಕರು ಕಾಗದದಿಂದ ತಲೆ ಎತ್ತಲಿಲ್ಲ. "ಎಲ್ಲಿಗಯ್ಯಾ? ಸಿಟ್ಟು ಮುಗೀತಾ?"

"ಒಂದು ಅರ್ಥ ಬಾಕಿ ಇದೆ ಸಾರ್. ಮನೆಗೆ ಹೋಗ್ಬೇಕು."

"ಏನು ಅಂಥಾ ಅರ್ಜೆಂಟು?"

"ಕೂಗಾಡಬೇಕಿತ್ತು."

"ನೀನಾ?" ಸಂಪಾದಕರು ಕೆಮ್ಮು ಬರುವಷ್ಟು ನಕ್ಕರು. ಅವನೂ ಜೊತೆಗೆ ನಕ್ಕ.

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಅಭ್ಯಾಸಕ್ಕೆಂದು "ಏಯ್" ಎಂದ. ಕ್ಷಮಿಸಿ ಎಂದಂತೆ ಕೇಳಿಸಿತು. ಕೈಯಿಂದ ಶುರು ಮಾಡಿದರೆ ದನಿ ಅದರ ಹಿಂದೆಯೇ ಬಂದೀತು ಅನ್ನಿಸಿತು. ಗೋಡೆಯ ಮೇಲೆ ಬೆಂಕಿ ಗಂಟೆಯ ಕೆಂಪು ಪೆಟ್ಟಿಗೆ. ಅದರ ಗಾಜಿನ ಮೇಲೆ ಬಿಳಿ ಅಕ್ಷರ: ಅಪಾಯದಲ್ಲಿ ಗಾಜು ಒಡೆಯಿರಿ. ಮುಷ್ಟಿ ಬಿಗಿದ. ಎತ್ತಿದ.

ಬೆರಳ ಗೆಣ್ಣಿನಿಂದ ಗಾಜನ್ನು ಮೆಲ್ಲಗೆ ಎರಡು ಸಲ ತಟ್ಟಿ, ಒಳಗಿನಿಂದ ಯಾರಾದರೂ ಬನ್ನಿ ಎನ್ನುತ್ತಾರೇನೋ ಎಂದು ತಲೆ ಬಾಗಿಸಿ ಕಾಯುತ್ತ ನಿಂತ.