ಬೇಲಿಯಾಚೆಯ ಹುಲ್ಲು

ಜೋಸಿಯಾನಳ ಹಸುಗಳ ಹಾಲು ಎರಡನೇ ಸಲವೂ ಕೆಟ್ಟಿದೆ ಎಂಬ ಸುದ್ದಿಯನ್ನು ಡೈರಿಯ ಅರ್ನೋ ಫೋನಿನಲ್ಲಿ ಹೇಳಲಿಲ್ಲ. ತಾನೇ ವ್ಯಾನು ಹತ್ತಿ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತ. ಅರ್ನೋ ಟೋಪಿ ತೆಗೆದನೆಂದರೆ ಒಂದೋ ಸಾವಿನ ಸುದ್ದಿ, ಇಲ್ಲವೇ ಹಾಲಿನ ಸುದ್ದಿ.

“ಮತ್ತೆ ಅದೇನಾ?” ಎಂದಳು.

“ಅದೇ. ಹೋದ ತಿಂಗಳಿಗಿಂತ ಜಾಸ್ತಿ. ಹುಳಿತ ಮೇವು ತಿಂದ ಹಸುಗಳ ಹಾಲು ಅಂತಾರೆ ಪರೀಕ್ಷೆ ಮಾಡೋರು.”

“ನಾನು ಹುಳಿತ ಮೇವು ಹಾಕ್ತೀನಾ ಅರ್ನೋ? ನನ್ನ ಮುಖ ನೋಡಿ ಹೇಳು.”

“ನಿಮ್ಮ ಮುಖ ನೋಡಿದ್ರೆ ಹಾಲು ಚೊಕ್ಕಟ ಆಗಲ್ವಲ್ಲ, ಜೋಸಿಯಾನ್. ಮೂರನೇ ಸಲವೂ ಹಿಂಗೇ ಬಂದ್ರೆ ನಿಮ್ಮ ಹಾಲು ನಿಲ್ಲಿಸ್ಬೇಕಾಗತ್ತೆ. ಕಟ್ಟಳೆ ನಾನು ಮಾಡಿದ್ದಲ್ಲ, ನಮ್ಮಜ್ಜಂದಿರು ಮಾಡಿದ್ದು.”

ಆ ಕಟ್ಟಳೆ ಅವಳಿಗೂ ಗೊತ್ತಿತ್ತು. ಸುತ್ತಲಿನ ಹಳ್ಳಿಗಳ ಹಾಲೆಲ್ಲ ಡೈರಿಯ ಒಂದೇ ತಾಮ್ರದ ಕೊಪ್ಪರಿಗೆಗೆ ಬೀಳುತ್ತದೆ. ಹಸುಗಳಿಗೆ ಹಸಿ ಹುಲ್ಲು, ಒಣಹುಲ್ಲು, ಅಷ್ಟೇ. ಒಬ್ಬರ ಹಸು ಹುಳಿತದ್ದನ್ನು ತಿಂದರೂ ಎಲ್ಲರ ಚೀಸೂ ನೆಲಮಾಳಿಗೆಯಲ್ಲಿ ಕೂತಲ್ಲೇ ಉಬ್ಬಿ ಬಿರಿಯುತ್ತದೆ. ಕಳ್ಳನ ಮನೆ ಅನ್ನುವುದನ್ನಾದರೂ ಈ ಸೀಮೆಯವರು ಮರೆತಾರು, ಹಾಲು ನಿಂತ ಮನೆ ಅನ್ನುವುದನ್ನು ಮೂರು ತಲೆಮಾರು ಮರೆಯುವುದಿಲ್ಲ.

ಜೋಸಿಯಾನಳಿಗೆ ಆ ಅವಮಾನ ಇನ್ನೂ ಒಂದು ಕೈ ಹೆಚ್ಚು. ಅವಳು ರೈತರ ಮನೆಯಲ್ಲಿ ಹುಟ್ಟಿದವಳಲ್ಲ, ಜಿನೀವಾ ಗಡಿಯ ಸುಂಕದ ಕಟ್ಟೆಯಲ್ಲಿ ಕೆಲಸಕ್ಕಿದ್ದವನ ಮಗಳು. ಜಿಲ್ಬೆರ್ ಅವಳನ್ನು ಮದುವೆಯಾಗಿ ಪ್ರೇವಾಲಿಗೆ ಕರೆತಂದಾಗ ಊರಿನ ಹೆಂಗಸರು ಅವಳಿಗೆ ಕೇಳಿಸುವಂತೆಯೇ ಅಂದಿದ್ದರು: “ಪೆಟ್ಟಿಗೆ ತಡಕೋನ ಮಗಳಿಗೆ ಕೆಚ್ಚಲು ತಡಕೋಕೆ ಬರತ್ತಾ?” ಹಾಗಂದವರಲ್ಲಿ ಅರ್ಧ ಜನ ಈಗ ಚರ್ಚಿನ ಹಿಂದೆ ಮಣ್ಣಿನಲ್ಲಿದ್ದಾರೆ. ಆದರೂ ಮಾತು ಸತ್ತಿರಲಿಲ್ಲ. ಅವಳು ಇವತ್ತಿಗೂ ಯಾರಿಗೋ ಉತ್ತರ ಕೊಡುವವಳಂತೆ ಹಾಲು ಕರೆಯುತ್ತಿದ್ದಳು.

ಪ್ರೇವಾಲ್ ಈಗ ಅತ್ತ ಹಳ್ಳಿಯೂ ಅಲ್ಲ, ಇತ್ತ ಪೇಟೆಯೂ ಅಲ್ಲ. ಅವಳು ಬಂದ ಹೊಸತರಲ್ಲಿ ಪ್ರತಿ ಮನೆಯ ಮುಂದೆಯೂ ಒಂದು ತಿಪ್ಪೆ ಇರುತ್ತಿತ್ತು. ಯಾರ ತಿಪ್ಪೆ ದೊಡ್ಡದೋ ಅವರ ಮಗಳಿಗೆ ಬೇಗ ಗಂಡು ಸಿಗುತ್ತಿತ್ತು. ಈಗ ತಿಪ್ಪೆಯ ಜಾಗದಲ್ಲಿ ಕಾರು ನಿಲ್ಲುತ್ತದೆ, ಮನೆಗೆರಡು. ಬೆಳಕು ಹರಿಯುವ ಮುಂಚೆಯೇ ಆ ಕಾರುಗಳೆಲ್ಲ ಸಾಲುಗಟ್ಟಿ ಗಡಿಯ ಕಡೆ ಹೊರಡುತ್ತವೆ. ಗಡಿಯಾಚೆಯ ಜಿನೀವಾದಲ್ಲಿ ದುಡಿಯುವುದು, ಪ್ರೇವಾಲಿನಲ್ಲಿ ಮಲಗುವುದು. ಹೊಸಬರನ್ನು ಬೈದು ಪ್ರಯೋಜನವಿಲ್ಲ, ಹಳಬರ ಮಕ್ಕಳೂ ಅದೇ ಸಾಲಿನಲ್ಲಿದ್ದಾರೆ. ಊರಿನಲ್ಲಿ ಹಾಲು ಕರೆಯುವವಳು ಜೋಸಿಯಾನ್ ಒಬ್ಬಳೇ ಉಳಿದಿದ್ದಳು. ಜಿಲ್ಬೆರ್ ತೀರಿಕೊಂಡು ಕೊಟ್ಟಿಗೆಯ ಚಾವಣಿ ಕುಸಿಯತೊಡಗಿದಾಗ ಅವಳೂ ಕೆಳಗಿನ ಹುಲ್ಲುಗಾವಲನ್ನು ಮಾರಿದ್ದಳು. ಅಲ್ಲಿ ಈಗ ಒಂದೇ ಅಚ್ಚಿನ ಮನೆಗಳ ಸಾಲು. ಬಡಾವಣೆಯ ಹೆಸರು ‘ಹೂವಿನ ಹುಲ್ಲುಗಾವಲು’. ಹುಲ್ಲುಗಾವಲನ್ನು ಕೊಂದವರು ಹೆಸರನ್ನಾದರೂ ಉಳಿಸುತ್ತಾರೆ, ಅಷ್ಟು ಮರ್ಯಾದೆ ಅವರಿಗಿದೆ.

ಅರ್ನೋ ಹೋದ ಮೇಲೆ ಅವಳು ಅಟ್ಟ ಹತ್ತಿ ಒಣಹುಲ್ಲಿನ ಒಂದೊಂದು ಹೊರೆಗೂ ಮೊಣಕೈವರೆಗೆ ಕೈ ತೂರಿಸಿದಳು. ಒಳಗೆ ಬಿಸಿಯಿದ್ದರೆ ಹುಲ್ಲು ಹಸಿಯಾಗಿ ಹೊರೆ ಕಟ್ಟಿದಂತೆ, ಅಂದರೆ ಹುಳಿತಂತೆ. ಎಲ್ಲಿಯೂ ಬಿಸಿಯಿರಲಿಲ್ಲ. ಮೂಸಿ ನೋಡಿದರೆ ಒಳ್ಳೆಯ ಬೇಸಿಗೆಯ ವಾಸನೆ. ತಪ್ಪು ಸಿಕ್ಕಿದ್ದರೆ ತಿದ್ದಬಹುದಿತ್ತು, ಸಿಗದ ತಪ್ಪಿಗೆ ಏನು ಮಾಡುವುದು? ಎಡಭುಜ ಬೇರೆ ಹಿಡಿದುಕೊಂಡು, ಹೊರೆ ಸರಿಸುವಾಗ ಕಣ್ಣಲ್ಲಿ ನೀರು ಬಂತು. ವಯಸ್ಸಾಯಿತು, ಕೈ ತಪ್ಪುತ್ತಿದೆ, ತನಗೇ ತಿಳಿಯುತ್ತಿಲ್ಲ ಎಂದುಕೊಂಡಳು.

ಅವಳಿಗೆ ಹೆಚ್ಚು ಹೆದರಿಕೆಯಿದ್ದದ್ದು ಮಾವನ ಬಗ್ಗೆ. ಜಿಲ್ಬೆರನ ಅಪ್ಪ ಫಿರ್ಮಾಂಗೆ ಎಂಬತ್ತು ದಾಟಿತ್ತು. ಮೂಳೆ ಸವೆದು ಕೊಟ್ಟಿಗೆಯ ಕೆಲಸ ಬಿಟ್ಟಿದ್ದ. ಆದರೆ ದಿನವಿಡೀ ಮನೆಯ ಮುಂದಿನ ಬೆಂಚಿನ ಮೇಲೆ ಕೂತು, ಊರುಗೋಲಿನ ಮೇಲೆ ಗಲ್ಲ ಊರಿ, ಹಸುಗಳನ್ನೇ ನೋಡುತ್ತಿದ್ದ. ಆ ಹಸುಗಳು ಹೋದ ದಿನವೇ ಮುದುಕನೂ ಹೋಗುತ್ತಾನೆ ಎಂದು ಅವಳು ಖಂಡಿತವಾಗಿ ನಂಬಿದ್ದಳು. ಎರಡನೇ ಪರೀಕ್ಷೆಯ ವಿಷಯ ಹೇಳಿದಾಗ ಆತ ಬೈಯಲಿಲ್ಲ, “ಹೂಂ” ಎಂದು ಮುಖ ತಿರುಗಿಸಿದ. ಬೈದಿದ್ದರೇ ವಾಸಿಯಿತ್ತು.

ಆ ಶನಿವಾರ ಮಧ್ಯಾಹ್ನ ಅವಳು ತಂತಿಬೇಲಿ ಬಿಗಿಮಾಡಲೆಂದು ಉಳಿದ ಹುಲ್ಲುಗಾವಲಿನ ಕೆಳಗಿನ ಅಂಚಿಗೆ ಹೋದಳು. ಹಸುಗಳೆಲ್ಲ ಒಂದೇ ಮೂಲೆಯಲ್ಲಿ ಗುಂಪುಗೂಡಿ, ಊಟದ ಗಂಟೆಗೆ ಕಾಯುವ ಶಾಲೆಯ ಮಕ್ಕಳಂತೆ ಬೇಲಿಯ ಮೇಲೆ ಕತ್ತು ಚಾಚಿ ನಿಂತಿದ್ದವು. ಬೇಲಿಯ ಆಚೆಯಿಂದ ಒಂದು ದೊಡ್ಡ ಚೀಲ ಮೇಲೆದ್ದಿತು. ಚೀಲದ ಬಾಯಿಂದ ಕತ್ತರಿಸಿದ ಹುಲ್ಲು ದಬದಬನೆ ಈಚೆಗೆ ಬಿತ್ತು.

“ತಗೊಳ್ರಪ್ಪಾ, ನಿಮ್ಮ ಪಾಲು!” ಎಂದಿತು ಆಚೆಯ ದನಿ.

ಬಡಾವಣೆಯ ಮೊದಲ ಮನೆಯ ತಿಬೋ. ಜಿನೀವಾದ ವಿಮೆ ಕಂಪನಿಯಲ್ಲಿ ಕೆಲಸ, ಶನಿವಾರ ಮಾತ್ರ ಹಗಲಿನಲ್ಲಿ ಕಾಣಸಿಗುವ ಮನುಷ್ಯ. ಜೋಸಿಯಾನಳನ್ನು ನೋಡಿ ಅವನ ಮುಖ ಅರಳಿತು.

“ಬೊಂಜೂರ್ ಮದಾಮ್! ನೋಡಿ, ನಮ್ಮ ಹುಲ್ಲು ನಿಮ್ಮ ಹಸುಗಳಿಗೆ ಅದೆಷ್ಟು ಇಷ್ಟ ಅಂತ.”

“ಇದನ್ನ ಎಷ್ಟು ದಿನದಿಂದ ಹಾಕ್ತಿದ್ದೀರಿ?” ಎಂದಳು.

“ಹುಲ್ಲು ಕತ್ತರಿಸೋ ಯಂತ್ರ ತಂದಾಗಿಂದ. ಬೇಸಿಗೆ ಪೂರ್ತಿ. ವಾರದಲ್ಲಿ ಕತ್ತರಿಸಿದ್ದನ್ನೂ ಚೀಲದಲ್ಲಿ ಕಟ್ಟಿಟ್ಟು ಶನಿವಾರಕ್ಕೆ ಹಾಕ್ತೀನಿ. ದಂಡ ಮಾಡಬಾರದು ನೋಡಿ.”

ಅವಳು ಬಗ್ಗಿ ಒಂದು ಹಿಡಿ ಎತ್ತಿಕೊಂಡಳು. ಕೈಗೆ ಬಿಸಿ ತಾಗಿತು. ಮೂಗಿಗೆ ಹಿಡಿದರೆ ಘಮ್ಮೆಂದು ಹುಳಿ. ಆ ಕೆಟ್ಟ ವಾಸನೆಯಷ್ಟು ಹಿತವಾದ ವಾಸನೆಯನ್ನು ಅವಳು ಜನ್ಮದಲ್ಲಿ ಮೂಸಿರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ತನ್ನ ಕೈ ತಪ್ಪಿರಲಿಲ್ಲ, ತನ್ನ ಹುಲ್ಲು ಕೆಟ್ಟಿರಲಿಲ್ಲ. ಅಲ್ಲೇ ಬೇಲಿಗೂಟ ಹಿಡಿದುಕೊಂಡು ನಗಲು ಶುರುಮಾಡಿದಳು, ನಗುತ್ತಲೇ ಅತ್ತಳು.

ತಿಬೋ ಗಾಬರಿಯಾದ. ವಿಷಯ ತಿಳಿದ ಮೇಲೆ ಬಿಳಿಚಿಕೊಂಡ. “ನಾನು ಉಪಕಾರ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ, ಮದಾಮ್!”

“ನಿಮ್ಮ ಉಪಕಾರ ನನ್ನ ಮನೆ ತೊಳೀತಿತ್ತಲ್ಲಪ್ಪಾ. ಹಸುಗಳು ಹೊಟ್ಟೆಯುಬ್ಬರ ಬಂದು ಸಾಯದೆ ಇದ್ದದ್ದೇ ದೊಡ್ಡದು.”

“ಅರ್ಧವೂ ತಿಂತಿರ್ಲಿಲ್ಲ ಅವು. ಸಂಜೆ ನೋಡಿದ್ರೆ ಮುಕ್ಕಾಲು ಪಾಲು ವಾಪಸ್ ನಮ್ಮ ಕಡೆಗೇ ಬಂದಿರ್ತಿತ್ತು. ಮೂತಿಯಿಂದ ತಳ್ತಾವೇನೋ ಅಂತ ನಾನು...”

ಮೇವನ್ನು ಬೇಲಿಯಾಚೆ ತಳ್ಳುವ ಹಸುವನ್ನು ಜೋಸಿಯಾನ್ ಇದುವರೆಗೆ ಕಂಡಿರಲಿಲ್ಲ. ಆದರೆ ಆ ಕ್ಷಣದ ಸಂತೋಷದಲ್ಲಿ ಅದನ್ನು ಯೋಚಿಸುವ ವ್ಯವಧಾನ ಅವಳಿಗಿರಲಿಲ್ಲ.

ಕರೆ ಹೋದ ಕೂಡಲೇ ಅರ್ನೋ ಬಂದ. ರಾಶಿಯನ್ನು ಮೂಸಿದ, ತಿಬೋನನ್ನು ನೋಡಿದ, ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡ. “ಇದೇ, ಬೇರೇನೂ ಅಲ್ಲ. ಹಸುಗಳನ್ನ ಮೇಲಿನ ಹುಲ್ಲುಗಾವಲಿಗೆ ಹೊಡೀರಿ. ಅವುಗಳ ಹೊಟ್ಟೆ ಚೊಕ್ಕಟ ಆದ್ಮೇಲೇ ಮೂರನೇ ಪರೀಕ್ಷೆ. ನಿಮ್ಮ ಹುಲ್ಲಿನಲ್ಲಿ ತಪ್ಪಿಲ್ಲ ಅಂತ ಡೈರಿ ಸಂಘದಲ್ಲಿ ನಾನೇ ನಿಂತು ಹೇಳ್ತೀನಿ. ಸುಂಕದವನ ಮಗಳು ಅಂತ ಯಾರಾದ್ರೂ ಬಾಯಿ ಬಿಡಲಿ ನೋಡೋಣ.”

ಅವಳು ಏದುಸಿರು ಬಿಡುತ್ತ ಮಾವನ ಬೆಂಚಿನ ಬಳಿಗೆ ಓಡಿದಳು. “ಮಾವ! ಸಿಕ್ತು! ಆ ಕೆಳಗಿನ ಮನೆಯೋನು ಹುಳಿತ ಹುಲ್ಲು ಸುರೀತಿದ್ದ. ನಮ್ಮ ತಪ್ಪಲ್ಲ. ಹಾಲು ನಿಲ್ಸಲ್ವಂತೆ!”

ಫಿರ್ಮಾಂನ ಮುಖ ಇಳಿದುಹೋಯಿತು.

ಮುದುಕ ಊರುಗೋಲಿನ ತುದಿಯನ್ನೇ ನೋಡುತ್ತಿದ್ದ. “ಕಂಡುಹಿಡಿದುಬಿಟ್ಯಾ,” ಎಂದ.

ಬೆಂಚಿನಿಂದ ಕೆಳಗಿನ ಬೇಲಿ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಜೋಸಿಯಾನ್ ಬೇಲಿಯನ್ನು ನೋಡಿದಳು, ಮಾವನನ್ನು ನೋಡಿದಳು, ಬೆಂಚಿಗೆ ಒರಗಿಸಿಟ್ಟಿದ್ದ ಹುಲ್ಲು ಬಾಚುವ ಕುಂಟೆಯನ್ನು ನೋಡಿದಳು.

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು. ಹಸುಗಳಿಗೆ ಅಪಾಯ ಆಗದ ಹಾಗೆ ನೋಡ್ಕೊಂಡಿದ್ದೀನಿ ಮಗಳೇ, ಅಷ್ಟು ಪಾಪಿ ಅಲ್ಲ ನಾನು. ಅವನು ಒಳಗೆ ಹೋದ ತಕ್ಷಣ ಕುಂಟುತ್ತಾ ಹೋಗಿ ಮುಕ್ಕಾಲು ಪಾಲು ಆಚೆಗೆ ತಳ್ತಿದ್ದೆ. ಡೈರಿಯವರ ಮೂಗಿಗೆ ಬಡಿಯುವಷ್ಟು ಮಾತ್ರ ಬಿಡ್ತಿದ್ದೆ.”

“ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಮಾವ! ನಾನು ರಾತ್ರಿಯೆಲ್ಲ ನಿದ್ದೆ ಇಲ್ಲದೆ ಹೊರಳಾಡಿದ್ದೀನಿ. ನನ್ನ ಹೆಸರು ಏನಾಗ್ತಿತ್ತು ಯೋಚನೆ ಮಾಡಿದ್ರಾ?”

“ಹೆಸರಿನ ವಿಷಯದಲ್ಲಿ ತಪ್ಪು ಮಾಡಿದೆ,” ಎಂದು ಫಿರ್ಮಾಂ ಒಪ್ಪಿಕೊಂಡ. “ನಿನ್ನ ಭುಜ ನೋಡೋಕಾಗ್ತಿರ್ಲಿಲ್ಲ. ದಿನಾ ಬೆಳಗ್ಗೆ ಗೋಡೆ ಹಿಡ್ಕೊಂಡು ಏಳ್ತೀಯ. ಸಾಕು ಮಾಡು ಅಂತ ನಾನು ಹೇಗೆ ಹೇಳಲಿ? ಸತ್ತ ಗಂಡನಿಗೆ ಮಾತು ಕೊಟ್ಟಿರೋಳು. ಡೈರಿಯವರೇ ನಿಲ್ಸಿದ್ರೆ ನೀನು ಮಾತಿಗೆ ತಪ್ಪಿದ ಹಾಗಾಗಲ್ಲ ಅಂದ್ಕೊಂಡೆ.”

“ಯಾವ ಮಾತು?”

“ಹಸುಗಳನ್ನ ಕೈಬಿಡಲ್ಲ ಅಂತ. ಜಿಲ್ಬೆರ್‌ಗೆ.”

“ಜಿಲ್ಬೆರ್ ನನ್ನನ್ನ ಏನೂ ಕೇಳ್ಲಿಲ್ಲ, ನಾನೇನೂ ಹೇಳ್ಲಿಲ್ಲ. ಅವರು ಸತ್ತ ವರ್ಷವೇ ಎಲ್ಲಾ ಮಾರೋಣ ಅಂತಿದ್ದೆ. ಹಸು ಹೋದ್ರೆ ನೀವು ಬದುಕಲ್ಲ ಅಂತ ಸುಮ್ಮನಾದೆ.”

“ನಾನಾ? ಏಳನೇ ವಯಸ್ಸಿನಿಂದ ಬಾಲದಲ್ಲಿ ಮುಖಕ್ಕೆ ಹೊಡೆಸ್ಕೊಂಡಿದ್ದೀನಿ. ನನಗ್ಯಾಕೆ ಬೇಕು ಈ ಹಸುಗಳು!”

“ಮತ್ತೆ ದಿನವಿಡೀ ಅವನ್ನೇ ನೋಡ್ತಾ ಕೂರ್ತೀರಲ್ಲ?”

“ಇನ್ನೇನು ನೋಡ್ಲಿ? ಬೆಂಚು ಆ ಕಡೆಗೇ ಇದೆ.”

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಮುದುಕನಿಗೆ ಕೆಮ್ಮು ಹತ್ತಿತು, ಅವಳು ಬೆನ್ನು ತಟ್ಟಿದಳು. ತಟ್ಟುತ್ತ ತಟ್ಟುತ್ತ ಅವಳ ಸಿಟ್ಟೂ ಕರಗಿತು. ಇಷ್ಟು ವರ್ಷ ಇಬ್ಬರೂ ಒಬ್ಬರಿಗಾಗಿ ಇನ್ನೊಬ್ಬರು ಹಸುಗಳನ್ನು ಕಾಯ್ದಿದ್ದರು. ಈಗ ಬಿಡುವುದಾದರೆ ಯಾರೋ ಅಟ್ಟಿ ಬಿಡಿಸಿದಂತಾಗುವುದಿಲ್ಲ, ತಾನಾಗಿ ಬಿಟ್ಟಂತಾಗುತ್ತದೆ. ಈ ಯೋಚನೆ ಬಂದದ್ದೇ ತಡ, ಅವಳ ಭುಜ ಅರ್ಧ ಹಗುರಾಯಿತು.

“ಮೂರನೇ ಪರೀಕ್ಷೆ ಆಗಲಿ ಮಾವ. ಹಾಲು ಚೊಕ್ಕಟ ಅಂತ ಡೈರಿಯ ಗೋಡೆ ಮೇಲಿನ ಪಟ್ಟಿಯಲ್ಲಿ ಬರಲಿ, ಎಲ್ಲರೂ ಓದಲಿ. ಆಮೇಲೆ ಗುಡ್ಡದ ಮೇಲಿರೋ ಅರ್ನೋನ ತಮ್ಮ ಕೊಳ್ಳೋಕೆ ದನ ಹುಡುಕ್ತಿದ್ದಾನಲ್ಲ, ಅವನಿಗೆ ಹೊಡ್ಕೊಂಡು ಹೋಗು ಅಂತೀನಿ.”

“ಎಲ್ಲಾ?”

“ಎಲ್ಲಾ. ಒಂದು ಕರುನೂ ಬಿಡದ ಹಾಗೆ.”

ಫಿರ್ಮಾಂ ಊರುಗೋಲು ಊರಿ ಎದ್ದುನಿಂತ. ಬೆಂಚಿನ ಒಂದು ತುದಿ ಹಿಡಿದು ಎಳೆದು ನೋಡಿದ, ಅದು ಕದಲಲಿಲ್ಲ.

“ಸುಮ್ನೆ ನೋಡ್ತಾ ನಿಂತ್ಯಲ್ಲ,” ಎಂದು ಗದರಿದ. “ಆ ತುದಿ ಹಿಡ್ಕೋ. ಇದನ್ನ ರಸ್ತೆ ಕಡೆ ತಿರುಗಿಸೋಣ.”